ಎತ್ತಿಗೆ ಒಪ್ಪಿದ ದಾರಿ ಸೈಕಲ್ಲಿಗೂ ಒಪ್ಪುತ್ತದೆ

ಭಾನುವಾರದ ಬೆಳಗು ಹೇಗಿರುತ್ತದೆ ಅಂತ ಚಿಕ್ಕಬಳ್ಳಾಪುರದವರಿಗೆ ಗೊತ್ತು. ಇನ್ನೂ ಕತ್ತಲಿರುವಾಗಲೇ ಬೆಂಗಳೂರಿನ ಕಾರು, ಬೈಕುಗಳು ನಂದಿ ಬೆಟ್ಟದ ಕಡೆ ಸಾಲು ಹಿಡಿಯುತ್ತವೆ. ಆ ಸಾಲಿನ ನಡುವೆ ಬಗ್ಗಿ ಪೆಡಲ್ ತುಳಿಯುವ ಸೈಕಲ್ಲಿನವರೂ ಇರುತ್ತಾರೆ. ಹಿಂದೆ ಹಾರನ್ನು, ಪಕ್ಕದಲ್ಲಿ ಹೊಗೆ. ಅವರನ್ನು ನೋಡಿದಾಗಲೆಲ್ಲ ನಿಲ್ಲಿಸಿ ಹೇಳಬೇಕು ಅನಿಸುತ್ತದೆ: ಅಣ್ಣಾ, ಇಲ್ಲಿಂದ ಒಂದೆರಡು ಕಿಲೋಮೀಟರ್ ಪಕ್ಕಕ್ಕೆ ಹೋಗಿ. ಅಲ್ಲಿ ಕೆರೆ ಏರಿ ಇದೆ, ಬಂಡಿ ದಾರಿ ಇದೆ. ಎಷ್ಟೋ ಹೊತ್ತು ಒಂದು ಗಾಡಿಯೂ ಎದುರಾಗುವುದಿಲ್ಲ.

ಹೀಗೆ ಹೇಳಿದರೆ ಬರುವ ಮೊದಲ ಪ್ರಶ್ನೆ, "ಅಂಥ ದಾರಿ ಎಲ್ಲಿದೆ, ಬೋರ್ಡು ಹಾಕಿದ್ದಾರಾ?" ಹಾಕಿಲ್ಲ. ಆದರೆ ಅದನ್ನು ಹುಡುಕುವುದಕ್ಕೆ ಒಂದು ಲೆಕ್ಕ ಇದೆ. ಆ ಲೆಕ್ಕ ಗೊತ್ತಾದರೆ ನಮ್ಮ ಜಿಲ್ಲೆಯಲ್ಲಿ ಮಾತ್ರ ಅಲ್ಲ, ಯಾವ ಬೆಟ್ಟದ ಸೀಮೆಗೆ ಹೋದರೂ ಗಾಡಿ ಗಲಾಟೆ ಇಲ್ಲದ ದಾರಿಯನ್ನು ನೀವೇ ಜೋಡಿಸಿಕೊಳ್ಳಬಹುದು.

ಮೊದಲು ಏರಿನ ವಿಷಯ. ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯುವವರಿಗೆ ದೂರಕ್ಕಿಂತ ಏರೇ ದೊಡ್ಡ ಶತ್ರು. ಏರನ್ನು ಅಳೆಯುವುದು ಸುಲಭ. ನೂರು ಮೀಟರ್ ಮುಂದೆ ಹೋಗುವಾಗ ಎಷ್ಟು ಮೀಟರ್ ಮೇಲೆ ಹೋಗುತ್ತೀರಿ, ಅಷ್ಟೇ. ಎರಡು ಮೀಟರ್ ಹತ್ತಿದರೆ ನೂರಕ್ಕೆ ಎರಡರ ಏರು. ಕೇಳಲಿಕ್ಕೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಅದನ್ನು ಒಂದು ಕಿಲೋಮೀಟರಿಗೆ ಹಾಕಿ ನೋಡಿ. ಇಪ್ಪತ್ತು ಮೀಟರ್ ಆಯಿತು, ಅಂದರೆ ಆರೇಳು ಅಂತಸ್ತಿನ ಕಟ್ಟಡ. ನೂರಕ್ಕೆ ಆರರ ಏರಾದರೆ ಒಂದೇ ಕಿಲೋಮೀಟರಿನಲ್ಲಿ ಇಪ್ಪತ್ತು ಅಂತಸ್ತು. ಅದೂ ಬರಿಗೈಯಲ್ಲಿ ಅಲ್ಲ, ಸೈಕಲ್ಲು, ಬ್ಯಾಗು, ನೀರು ಎಲ್ಲ ಹೊತ್ತುಕೊಂಡು.

ಒಂದು ಲೆಕ್ಕ ಹಾಕೋಣ. ತುಳಿಯುವವರ ತೂಕ 65 ಕಿಲೋ, ಸೈಕಲ್ 15, ಸಾಮಾನು 10. ಒಟ್ಟು 90 ಕಿಲೋ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ನೂರಕ್ಕೆ ಎರಡರ ಏರು ಹತ್ತಲು, ಆ ತೂಕವನ್ನು ಮೇಲೆತ್ತುವುದಕ್ಕೇ ಸುಮಾರು 50 ವಾಟ್ ಶಕ್ತಿ ಬೇಕು. ನೂರಕ್ಕೆ ಆರಾದರೆ ಸುಮಾರು 150 ವಾಟ್. ಟೈರು ನೆಲಕ್ಕೆ ಉಜ್ಜುವುದಕ್ಕೆ, ಗಾಳಿ ಸೀಳುವುದಕ್ಕೆ ಹೋಗುವುದು ಬೇರೆ. ಐವತ್ತು ವಾಟನ್ನು ಮಾತಾಡಿಕೊಂಡು ದಿನವಿಡೀ ಕೊಡಬಹುದು. ನೂರೈವತ್ತನ್ನು ರೂಢಿ ಇಲ್ಲದವರು ಗಂಟೆಗಟ್ಟಲೆ ಕೊಡುವುದು ಕಷ್ಟ. ಸಾಮಾನು ಕಟ್ಟಿಕೊಂಡು ದಿನಗಟ್ಟಲೆ ತಿರುಗುವ ಪ್ರವಾಸಕ್ಕೂ ಒಂದು ದಿನದ ಸಾಹಸಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ನಂದಿ ಬೆಟ್ಟದ ಮೋಟಾರು ರಸ್ತೆ ಬುಡದಿಂದ ತುದಿಗೆ ಸುಮಾರು ಎಂಟು ಕಿಲೋಮೀಟರಿನಲ್ಲಿ ಐನೂರು ಮೀಟರಿನಷ್ಟು ಹತ್ತುತ್ತದೆ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ಸರಾಸರಿ ಏರು ನೂರಕ್ಕೆ ಆರರ ಆಸುಪಾಸು. ಅದು ಎಂಜಿನ್ನಿಗೆ ಮಾಡಿದ ರಸ್ತೆ. ಅದನ್ನು ಹತ್ತಿ ಗೆದ್ದವರ ಬಗ್ಗೆ ನನಗೆ ಗೌರವ ಇದೆ, ಆದರೆ ಸೈಕಲ್ ಪ್ರವಾಸ ಅಂದರೆ ಅದೊಂದೇ ಅಂತ ಜನ ತಿಳಿದುಕೊಂಡಿರುವುದು ಬೇಸರದ ವಿಷಯ.

ಹಾಗಾದರೆ ಬೆಟ್ಟದ ಸೀಮೆಯಲ್ಲಿ ನೂರಕ್ಕೆ ಎರಡು ಮೂರರ ಏರಿನಲ್ಲೇ ಸಾಗುವ ದಾರಿ ಯಾರಿಗೆ ಬೇಕಾಗಿತ್ತು? ಇಬ್ಬರಿಗೆ ಬೇಕಾಗಿತ್ತು. ಒಂದು ರೈಲಿಗೆ, ಇನ್ನೊಂದು ಎತ್ತಿಗೆ.

ಹೊರದೇಶಗಳಲ್ಲಿ ರೈಲಿನ ದಾರಿ ಹಿಡಿದಿದ್ದಾರೆ. ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಜಾರುತ್ತದೆ, ಕಡಿದಾದ ಏರು ಹತ್ತುವುದಿಲ್ಲ. ಅದಕ್ಕೇ ರೈಲ್ವೆ ಎಂಜಿನಿಯರುಗಳು ಗುಡ್ಡ ಕೊರೆದು, ಹಳ್ಳಕ್ಕೆ ಸೇತುವೆ ಕಟ್ಟಿ, ಸುತ್ತು ಹಾಕಿಸಿಯಾದರೂ ದಾರಿಯನ್ನು ಮಟ್ಟವಾಗಿ ಇಟ್ಟರು. ಮುಂದೆ ಎಷ್ಟೋ ರೈಲುಗಳು ನಿಂತುಹೋದವು, ಹಳಿ ಕಿತ್ತರು. ಆದರೆ ಆ ಮಟ್ಟದ ದಾರಿ ಉಳಿಯಿತು. ಸ್ಪೇನ್ ದೇಶ 1993ರಿಂದ ಇಂಥ ದಾರಿಗಳನ್ನು ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟುಕೊಡುತ್ತಾ ಬಂದಿದೆ. ಅವುಗಳಿಗೆ 'ಹಸಿರು ದಾರಿ' ಅನ್ನುವ ಅರ್ಥದ ಹೆಸರು. ದಕ್ಷಿಣ ಸ್ಪೇನಿನ ಬೆಟ್ಟಗಳಲ್ಲಿ ಒಲ್ವೆರಾದಿಂದ ಪ್ವೆರ್ತೊ ಸೆರ್ರಾನೊವರೆಗೆ ರೈಲಿಗೆಂದು ಮಾಡಿ, ರೈಲು ಓಡದೇ ಉಳಿದ 36 ಕಿಲೋಮೀಟರಿನ ದಾರಿ ಇದೆ. ಅದರಲ್ಲಿ 30 ಸುರಂಗಗಳು. ಸುತ್ತ ಕಡಿದಾದ ಬೆಟ್ಟ, ಆದರೆ ಮಕ್ಕಳೂ ತುಳಿದುಕೊಂಡು ಹೋಗಬಹುದು. ನ್ಯೂಜಿಲೆಂಡಿನ ಒಟಾಗೊದಲ್ಲಿ 2000ನೇ ಇಸವಿಯಲ್ಲಿ ತೆರೆದ ಹಳೆ ರೈಲು ದಾರಿ 152 ಕಿಲೋಮೀಟರ್. ಅದರಲ್ಲಿ ಎಲ್ಲೂ ಏರು ನೂರಕ್ಕೆ ಎರಡನ್ನು ದಾಟುವುದಿಲ್ಲ.

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಇಟಲಿಯ ಗ್ರಾಡೊ ಕಡಲ ತೀರದವರೆಗೆ ಆಲ್ಪ್ಸ್ ದಾಟುವ ಸುಮಾರು 410 ಕಿಲೋಮೀಟರಿನ ಸೈಕಲ್ ದಾರಿ ನನಗೆ ತುಂಬಾ ಪಾಠ ಕಲಿಸಿತು. ನಾನು ಅಲ್ಲಿಗೆ ಹೋದವನಲ್ಲ, ನಕ್ಷೆ ಹಿಡಿದು ರಾತ್ರಿಗಟ್ಟಲೆ ನೋಡಿದವನು. ಅದೆಲ್ಲಾ ಹೊಸದಾಗಿ ಕಟ್ಟಿದ ದಾರಿ ಅಲ್ಲ. ಸ್ವಲ್ಪ ದೂರ ನದಿ ದಂಡೆ, ಸ್ವಲ್ಪ ದೂರ ಹಳ್ಳಿ ರಸ್ತೆ, ಸ್ವಲ್ಪ ದೂರ ಹಳಿ ಕಿತ್ತ ರೈಲು ದಾರಿ. ಒಂದು ಕಡೆ ಬೆಟ್ಟ ದಾಟಲು ಬೇರೆ ದಾರಿಯೇ ಇಲ್ಲ, ಅಲ್ಲಿ ಸೈಕಲ್ಲನ್ನು ರೈಲಿಗೆ ಹತ್ತಿಸಿ ಸುರಂಗ ದಾಟಿಸುತ್ತಾರೆ. ಅಂದರೆ ಅಲ್ಲಿಯವರು ಮಾಡಿದ ಕೆಲಸ ಬಹುಪಾಲು ಜೋಡಿಸುವ ಕೆಲಸ. ಇರುವ ತುಂಡುಗಳನ್ನು ಹೊಲಿದಿದ್ದಾರೆ, ಕೌದಿ ಹೊಲಿದ ಹಾಗೆ.

ನಮ್ಮಲ್ಲಿ ರೈಲಿನ ದಾರಿ ಸಿಗುವುದಿಲ್ಲ. ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು ಓಡುತ್ತಿತ್ತು. ಹಿರಿಯರು ಇವತ್ತಿಗೂ ಅದನ್ನು ನೆನೆಯುತ್ತಾರೆ. 2013ರಲ್ಲಿ ಅದು ಬ್ರಾಡ್‌ಗೇಜ್ ಆಯಿತು, ಈಗ ದೊಡ್ಡ ರೈಲು ಓಡುತ್ತದೆ. ಅದು ಒಳ್ಳೆಯದೇ. ಓಡುವ ರೈಲನ್ನು ನಿಲ್ಲಿಸಿ ಸೈಕಲ್ ದಾರಿ ಮಾಡಿ ಅಂತ ಯಾರೂ ಕೇಳುವುದಿಲ್ಲ. ಹಳಿ ಪಕ್ಕದಲ್ಲಿ ತುಳಿಯುವುದಂತೂ ಬೇಡವೇ ಬೇಡ.

ಆದರೆ ನಮಗೆ ಎತ್ತಿನ ದಾರಿ ಇದೆ. ಒಂದು ಟನ್ನಿನಷ್ಟು ರಾಗಿ ಮೂಟೆಯನ್ನೋ ಗೊಬ್ಬರವನ್ನೋ ಹೇರಿದ ಗಾಡಿಯನ್ನು ಎಳೆಯುವ ಜೋಡೆತ್ತಿಗೂ ಸಾಮಾನು ಕಟ್ಟಿದ ಸೈಕಲ್ಲಿಗೂ ಕಷ್ಟ ಒಂದೇ. ಏರು ಜಾಸ್ತಿಯಾದರೆ ನೊಗ ಕತ್ತು ಹಿಂಡುತ್ತದೆ, ಇಳಿಜಾರು ಜಾಸ್ತಿಯಾದರೆ ಗಾಡಿ ಎತ್ತಿನ ಮೇಲೆ ನುಗ್ಗುತ್ತದೆ. ಅದಕ್ಕೆ ಹಿಂದಿನವರು ದಿಣ್ಣೆಯನ್ನು ನೇರವಾಗಿ ಹತ್ತಿಸಲಿಲ್ಲ, ಬಳಸಿಕೊಂಡು ಹೋದರು. ಮನುಷ್ಯರು ಮಾತ್ರ ಹತ್ತಬೇಕಾದ ಕಡೆ ಮೆಟ್ಟಿಲು ಕಟ್ಟಿದರು. ನಂದಿ ಬೆಟ್ಟಕ್ಕೆ ಸುಲ್ತಾನ್‌ಪೇಟೆಯಿಂದ ಮೆಟ್ಟಿಲು ಇರುವುದನ್ನು ನೋಡಿರುತ್ತೀರಿ. ಆ ಮೆಟ್ಟಿಲಿನ ಬುಡದವರೆಗೆ ಗಾಡಿ ಬರುತ್ತಿತ್ತು, ಅಲ್ಲಿಂದ ಮೇಲೆ ಕಾಲೇ ಗತಿ. ಬಂಡಿ ದಾರಿ ಎಲ್ಲಿ ನಿಂತಿತೋ ಅಲ್ಲಿಗೆ ಸಾಮಾನು ಕಟ್ಟಿದ ಸೈಕಲ್ಲೂ ನಿಂತರೆ ಚೆಂದ.

ಇದಕ್ಕೆ ಕೆರೆಗಳನ್ನು ಸೇರಿಸಿ. ನನ್ನ ಮಟ್ಟಿಗೆ ಇದೇ ಈ ಸೀಮೆಯ ನಿಜವಾದ ಗುಟ್ಟು. ಚಿಕ್ಕಬಳ್ಳಾಪುರವೂ ಸೇರಿದ್ದ ಹಳೆ ಕೋಲಾರ ಜಿಲ್ಲೆಗೆ ತುಂಬಿ ಹರಿಯುವ ಹೊಳೆ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ, ಅರ್ಕಾವತಿ, ಪಾಪಾಗ್ನಿ, ಚಿತ್ರಾವತಿ ಎಲ್ಲ ಈ ಬೆಟ್ಟದ ಸೀಮೆಯಲ್ಲೇ ಹುಟ್ಟುತ್ತವೆ, ಆದರೆ ನೀರು ಕೂಡಿಕೊಳ್ಳುವ ಮೊದಲೇ ಆಚೆ ಹೋಗುತ್ತವೆ. ಅದಕ್ಕೇ ಹಿರಿಯರು ಹಳ್ಳಹಳ್ಳಕ್ಕೂ ಕೆರೆ ಕಟ್ಟಿದರು. ಒಂಟಿ ಕೆರೆ ಅಲ್ಲ, ಸರಣಿ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ.

ಈಗ ಸೈಕಲ್ಲಿನವರ ಕಣ್ಣಿನಿಂದ ಇದನ್ನು ನೋಡಿ. ಕೆರೆ ಏರಿ ಅಂದರೆ ನೀರಿನ ಮಟ್ಟಕ್ಕೆ ಸರಿಯಾಗಿ ಕಟ್ಟಿದ ಮಣ್ಣಿನ ದಿಬ್ಬ. ಹಾಗಾಗಿ ಅದರ ತಲೆ ಮಟ್ಟವಾಗಿಯೇ ಇರಬೇಕು, ಇಲ್ಲದಿದ್ದರೆ ತಗ್ಗಿದ ಕಡೆ ನೀರು ಉಕ್ಕಿ ಏರಿ ಒಡೆಯುತ್ತದೆ. ಅರ್ಧ ಕಿಲೋಮೀಟರ್ ಕೆರೆ ಏರಿ ಇದ್ದರೆ ಅರ್ಧ ಕಿಲೋಮೀಟರ್ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಅಚ್ಚುಕಟ್ಟಿನ ತೋಟ, ಗದ್ದೆ. ಏರಿ ಮುಗಿದ ಮೇಲೆ ಕೋಡಿ ಕಾಲುವೆಯ ಪಕ್ಕದ ದಾರಿ ಹಿಡಿದರೆ ನೀರು ಇಳಿಯುವ ಹಾಗೆ ನೀವೂ ಮೆಲ್ಲಗೆ ಇಳಿಯುತ್ತೀರಿ. ನೀರು ಹತ್ತುವುದಿಲ್ಲವಲ್ಲ, ನೀವೂ ಹತ್ತಬೇಕಾಗಿಲ್ಲ. ಒಂದು ಸರಣಿಯಿಂದ ಪಕ್ಕದ ಸರಣಿಗೆ ಹಾಯುವಾಗ ಮಾತ್ರ ನಡುವಿನ ದಿಣ್ಣೆ ದಾಟಬೇಕು. ಒಂದು ದಿನದ ದಾರಿ ಗೊತ್ತುಮಾಡುವಾಗ ನಾನು ಎಣಿಸುವುದು ಕಿಲೋಮೀಟರನ್ನಲ್ಲ, ಇಂಥ ದಿಣ್ಣೆಗಳನ್ನು. ಮೂರು ದಾಟಿದರೆ ನನಗೆ ಸಾಕು. ಮಣ್ಣಿನ ದಾರಿಯಲ್ಲಿ ಗಂಟೆಗೆ ಎಂಟು ಹತ್ತು ಕಿಲೋಮೀಟರ್ ಲೆಕ್ಕ ಇಟ್ಟರೆ ದಿನಕ್ಕೆ ನಲವತ್ತು ಕಿಲೋಮೀಟರ್ ಸುಖವಾಗಿ ಆಗುತ್ತದೆ.

ಸರಾಸರಿಯನ್ನು ನಂಬಿ ಮೋಸ ಹೋಗಬೇಡಿ ಅಂತಲೂ ಹೇಳಬೇಕು. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು 700ರ ಆಸುಪಾಸು. ನಡುವೆ ಮೂವತ್ತೈದು ಕಿಲೋಮೀಟರ್. ಭಾಗಿಸಿದರೆ ನೂರಕ್ಕೆ ಒಂದೂ ಬರುವುದಿಲ್ಲ. ಆದರೆ ಇಳಿಜಾರು ದಾರಿಯುದ್ದಕ್ಕೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಹೋಗುವಾಗ ಗಾಳಿಯಲ್ಲಿ ತೇಲಿದ ಹಾಗೆ ಆಗುತ್ತದೆ, ಬರುವಾಗ ತೊಡೆ ಉರಿಯುತ್ತದೆ.

ಇದನ್ನು ಮೊದಲೇ ತಿಳಿಯುವುದು ಹೇಗೆ? ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಇರುತ್ತವೆ. ಒಂದು ಗೆರೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ವ್ಯತ್ಯಾಸ. ನಿಮ್ಮ ದಾರಿ ಎರಡು ಸೆಂಟಿಮೀಟರಿನಲ್ಲಿ ಒಂದೇ ಗೆರೆ ದಾಟಿದರೆ ನೂರಕ್ಕೆ ಎರಡು, ಖುಷಿಯಾಗಿ ಹೋಗಿ. ಮೂರು ಗೆರೆ ದಾಟಿದರೆ ನೂರಕ್ಕೆ ಆರು, ಅಂದರೆ ನಂದಿ ಬೆಟ್ಟದ ರಸ್ತೆ. ಗೆರೆಗಳ ಜೊತೆಜೊತೆಗೇ ಸಾಗುವ ದಾರಿ ಕಂಡರೆ ಕಣ್ಣು ಮುಚ್ಚಿಕೊಂಡು ಅದನ್ನೇ ಆರಿಸಿ.

ಇನ್ನೊಂದು ನಕ್ಷೆ ನಮ್ಮ ರೈತರಿಗೆಲ್ಲ ಗೊತ್ತಿರುವುದು, ಸೈಕಲ್ಲಿನವರು ಮಾತ್ರ ನೋಡದೇ ಇರುವುದು. ಅದು ಗ್ರಾಮ ನಕಾಶೆ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಊರು ಊರಿನದೂ ಸಿಗುತ್ತದೆ. ಸರ್ವೆ ನಂಬರುಗಳ ನಡುವೆ ಬಂಡಿ ದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲ ಅದರಲ್ಲಿ ಗುರುತಾಗಿವೆ. ಹಳ್ಳಿಗಳಲ್ಲಿ ದಾರಿ ತಕರಾರು ಬಂದಾಗ ಮೊದಲು ಕೇಳುವ ಮಾತೇ "ನಕಾಶೆಯಲ್ಲಿ ದಾರಿ ಇದೆಯಾ?" ನಕಾಶೆಯಲ್ಲಿ ಇದ್ದರೆ ಅದು ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಯಾರ ಹೊಲದಲ್ಲೂ ನುಗ್ಗದೆ, ಯಾರ ಮನಸ್ಸೂ ನೋಯಿಸದೆ ಹೋಗಬಹುದು. ನಕಾಶೆಯಲ್ಲಿ ಇಲ್ಲದೆ ಬರೀ ರೂಢಿಯಲ್ಲಿರುವ ದಾರಿಗಳೂ ಇವೆ. ಅಲ್ಲಿ ಒಂದು ಮಾತು ಕೇಳಿ ಹೋಗುವುದು ಮರ್ಯಾದೆ. "ಅಣ್ಣಾ, ಈ ಕಡೆ ದಾರಿ ಇದೆಯಾ?" ಅಂದರೆ ಬೇಡ ಅಂದವರನ್ನು ನಾನು ಇನ್ನೂ ಕಂಡಿಲ್ಲ. ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರಬಹುದು. ಕೈ ತೋರಿಸುವ ದಿಕ್ಕು ನೋಡಿಕೊಳ್ಳಿ, ಸಾಕು.

ಮೊಬೈಲ್ ನಕ್ಷೆಯನ್ನು ಮಾತ್ರ ನಂಬಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಎರಡು ಹಳ್ಳಿಗಳ ನಡುವೆ ಚೆಂದದ ಗೆರೆ ತೋರಿಸುತ್ತಿತ್ತು. ಹೋಗಿ ನೋಡಿದರೆ ದಾರಿ ಸೀದಾ ಕಲ್ಲು ಕ್ವಾರಿಯ ಅಂಚಿಗೆ ಬಂದು ನಿಂತಿತ್ತು. ಗುಡ್ಡದ ಅರ್ಧವೇ ಇರಲಿಲ್ಲ. ಕೆಳಗೆ ಹಸಿರು ನೀರು ನಿಂತ ಗುಂಡಿ. ಬೇಲಿ ಇಲ್ಲ, ಬೋರ್ಡಿಲ್ಲ. ಮುಸ್ಸಂಜೆಯಾಗಿದ್ದರೆ ಏನಾಗುತ್ತಿತ್ತೋ. ಅಲ್ಲಿಂದ ಟಿಪ್ಪರ್ ಓಡಾಡುವ ರಸ್ತೆಯಲ್ಲಿ ಏಳು ಕಿಲೋಮೀಟರ್ ಬಂದೆ. ಹಲ್ಲಿನಲ್ಲೆಲ್ಲ ಜಲ್ಲಿ ಪುಡಿ. ಆವತ್ತಿನಿಂದ ಉಪಗ್ರಹದ ಚಿತ್ರದಲ್ಲಿ ಬಿಳಿ ಕಲೆ ಕಂಡ ಕಡೆ ಹೋಗುವುದಿಲ್ಲ. ಬಿಳಿ ಕಲೆ ಅಂದರೆ ಕ್ರಷರ್, ಕ್ರಷರ್ ಅಂದರೆ ಟಿಪ್ಪರ್. ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ದಾರಿ ಆರಿಸುವಾಗ ಇದಕ್ಕಿಂತ ಮುಖ್ಯ ನಿಯಮ ಇಲ್ಲ.

ದಾರಿ ಖಾಲಿ ಇದೆಯಾ ಅನ್ನುವುದು ಜಾಗದ ಮೇಲೆ ಮಾತ್ರ ಅಲ್ಲ, ಹೊತ್ತಿನ ಮೇಲೂ ನಿಂತಿದೆ. ಡೈರಿಯ ಹಾಲಿನ ಗಾಡಿ ಬೆಳಗ್ಗೆ ಮತ್ತು ಸಂಜೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಗೂಡು ಮಾರುಕಟ್ಟೆಗೆ ಹೋಗುವ ಹೊತ್ತಿಗೆ ಬೈಕು, ಟೆಂಪೋಗಳ ಓಡಾಟ. ಎಂಟೂವರೆಗೆ ಶಾಲೆ ಬಸ್ಸು. ಹತ್ತು ಗಂಟೆಗೆ ಅದೇ ರಸ್ತೆ ನಾಯಿ ಮಲಗುವಷ್ಟು ಖಾಲಿ. ನಂದಿಯ ಸುತ್ತ ಮಾತ್ರ ಹೊತ್ತಿಗಿಂತ ವಾರ ಮುಖ್ಯ, ವಾರದ ದಿನ ಖಾಲಿ, ಶನಿವಾರ ಭಾನುವಾರ ಜಾತ್ರೆ. ರಾಷ್ಟ್ರೀಯ ಹೆದ್ದಾರಿ 44 ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಅದನ್ನು ಎಲ್ಲಿ ದಾಟುತ್ತೀರಿ ಅನ್ನುವುದನ್ನು ಮೊದಲು ಗುರುತು ಮಾಡಿಕೊಂಡು, ಮಿಕ್ಕ ದಾರಿಯನ್ನು ಅದಕ್ಕೆ ಜೋಡಿಸಿ. ಅಂಡರ್‌ಪಾಸ್ ಇರುವ ಕಡೆಯೇ ದಾಟಿ. ಎರಡು ಕಿಲೋಮೀಟರ್ ಸುತ್ತಾದರೂ ಆಗಲಿ.

ಸೈಕಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೇರಿಲ್ಲದ ಹಳೆ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತಿಗೆ ಐದು ಮೀಟರಿಗೂ ಜಾಸ್ತಿ ಮುಂದೆ ಹೋಗುತ್ತದೆ. ಏರಿನಲ್ಲಿ ಅದು ಭಾರ. ಮುಂದೆ 28 ಹಲ್ಲು, ಹಿಂದೆ 34 ಹಲ್ಲಿನ ಗೇರು ಇದ್ದರೆ ಒಂದು ಸುತ್ತಿಗೆ ಎರಡು ಮೀಟರಿಗಿಂತ ಕಮ್ಮಿ, ಕಾಲು ಹಗುರ. ಆದರೆ ಬಂಡಿ ದಾರಿಗೆ ಹಳೆ ಸೈಕಲ್ಲೂ ನಡೆಯುತ್ತದೆ. ಏರು ಬಂದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿದೆ? ಟೈರು ಮಾತ್ರ ಅಗಲ ಇರಲಿ.

ಮುಳ್ಳಿನ ಬಗ್ಗೆ ಹೇಳಲೇಬೇಕು. ಕೆರೆಯಂಗಳದಲ್ಲೆಲ್ಲ ಜಾಲಿ ಬೆಳೆದಿದೆ. ಅದರ ಮುಳ್ಳು ಒಣಗಿದರೆ ಮೊಳೆಯೇ. ಪಂಕ್ಚರ್ ಆದಾಗ ಮುಳ್ಳನ್ನು ಕಿತ್ತ ಮೇಲೂ ಟೈರಿನ ಒಳಗೆ ಬೆರಳಾಡಿಸಿ ನೋಡಿ. ಮುರಿದ ತುದಿ ಒಳಗೇ ಉಳಿದು ಹೊಸ ಟ್ಯೂಬನ್ನೂ ತೂತು ಮಾಡುತ್ತದೆ. ಇನ್ನೊಂದು ಹುರುಳಿ. ಸುಗ್ಗಿಯ ಕಾಲದಲ್ಲಿ ಹಳ್ಳಿ ರಸ್ತೆಯ ಮೇಲೆ ರಾಗಿ ತೆನೆ, ಹುರುಳಿ ಬಳ್ಳಿ ಹರಡಿರುತ್ತಾರೆ, ಗಾಡಿಗಳು ಹಾಯ್ದು ಒಕ್ಕಣೆ ಆಗಲಿ ಅಂತ. ರಾಗಿ ಹುಲ್ಲಿನ ಮೇಲೆ ಸೈಕಲ್ ಹೇಗೋ ಹೋಗುತ್ತದೆ. ಹುರುಳಿ ಬಳ್ಳಿ ಮಾತ್ರ ಹಿಂದಿನ ಚಕ್ರದ ಹಲ್ಲಿಗೆ ದಾರ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ. ಬ್ಲೇಡಿನಲ್ಲಿ ಎಳೆ ಎಳೆಯಾಗಿ ಕೊಯ್ದು ಬಿಡಿಸಲು ನನಗೆ ಒಮ್ಮೆ ಮುಕ್ಕಾಲು ಗಂಟೆ ಬೇಕಾಯಿತು. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ಅವರ ಬೆಳೆಗೂ ಒಳ್ಳೆಯದು.

ಮೊದಲ ಸಲ ಹೊರಡುವವರಿಗೆ ಒಂದು ಅರ್ಧ ದಿನದ ದಾರಿ ಹೇಳುತ್ತೇನೆ. ಚಿಕ್ಕಬಳ್ಳಾಪುರದಿಂದ ಕಂದವಾರ ಕೆರೆ ಕಡೆಗೆ ಹೊರಡಿ. ಬೆಂಗಳೂರಿನ ಹೆಬ್ಬಾಳ, ನಾಗವಾರದಿಂದ ಶುದ್ಧೀಕರಿಸಿ ಕಳಿಸುವ ನೀರು ಬಂದ ಕೆರೆಗಳಲ್ಲಿ ಇದೂ ಒಂದು. ಅಲ್ಲಿಂದ ಹಳ್ಳಿ ದಾರಿಗಳಲ್ಲೇ ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯೂ ಅಲ್ಲೇ. ಮುಂದೆ ಬೆಟ್ಟದ ಬುಡ ಹಿಡಿದು ನಂದಿ ಗ್ರಾಮ. ಬಲಕ್ಕೋ ಎಡಕ್ಕೋ ಬೆಟ್ಟ ಯಾವಾಗಲೂ ಕಾಣುತ್ತಿರುತ್ತದೆ, ಹತ್ತಬೇಕಾಗಿಲ್ಲ. ದ್ರಾಕ್ಷಿ ಚಪ್ಪರ, ಹೂವಿನ ತೋಟ, ಹಿಪ್ಪುನೇರಳೆ. ನಂದಿಯಲ್ಲಿ ಭೋಗನಂದೀಶ್ವರ ದೇವಸ್ಥಾನ, ಒಂಬತ್ತನೇ ಶತಮಾನದಷ್ಟು ಹಳೆಯದು. ಒಳಗಿನ ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳಿ. ಸ್ಕಂದಗಿರಿಯ ಕಡೆ ಸೈಕಲ್ ತಿರುಗಿಸಬೇಡಿ. ಅದು ಕಾಡು, ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು, ಚಿರತೆಗಳಿರುವ ಜಾಗ.

ಈ ರೂಢಿ ಬಿದ್ದ ಮೇಲೆ ಪೆರೇಸಂದ್ರ, ಮಂಡಿಕಲ್ಲು ಕಡೆಯ ಆವಲಬೆಟ್ಟದ ಬುಡಕ್ಕೆ, ಗುಡಿಬಂಡೆಯ ಭೈರಸಾಗರ ಕೆರೆಗೆ ಹೋಗಿ. ನನಗೆ ಗುಡಿಬಂಡೆಯ ಕಡೆ ಪ್ರೀತಿ ಜಾಸ್ತಿ. ಅಲ್ಲಿ ಒಂದು ಬಂಡಿ ದಾರಿಯಲ್ಲಿ ದಿಣ್ಣೆ ಹತ್ತುವ ಮುಂಚೆ ಒಂದು ಹೊಂಗೆ ಮರ ಇದೆ, ಬುಡದಲ್ಲಿ ಕಲ್ಲಿನ ತೊಟ್ಟಿ. ಪ್ರತಿ ಸಲವೂ ನಾನು ಅಲ್ಲೇ ಕಾಲು ಊರುತ್ತಿದ್ದೆ, ಯಾಕೆ ಅಂತ ಯೋಚಿಸಿರಲಿಲ್ಲ. ಒಂದು ದಿನ ಹಸು ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದು, ನನ್ನನ್ನೂ ಸೈಕಲ್ಲನ್ನೂ ನೋಡಿ ಹೇಳಿದರು: "ನಮ್ಮ ಎತ್ತುಗಳೂ ಇಲ್ಲೇ ನಿಂತ್ಕೊಳ್ಳೋವು ಕಣಪ್ಪ. ನೀರು ಕುಡಿಸಿದ್ರೇನೇ ಮುಂದಕ್ಕೆ ಹೆಜ್ಜೆ."